ಸಾಯುವವರನ್ನು ಯಾರಾದರೂ ಕೇಳಿದ್ದೀರಾ?

ಕಲಬುರಗಿಯ ಯಾವ ಆಸ್ಪತ್ರೆಗೆ ಹೋದರೂ ಡಾಕ್ಟರ ಕೋಣೆಯ ಬಾಗಿಲ ಹತ್ತಿರ ಒಂದು ಮಾತು ಕಿವಿಗೆ ಬೀಳುತ್ತದೆ. "ಅವರಿಗೆ ಹೇಳಬ್ಯಾಡ್ರಿ ಸಾಹೇಬ್ರ, ಧೈರ್ಯ ಕಳಕೊಂಡುಬಿಡ್ತಾರ." ಮಗ ಹೇಳುತ್ತಾನೆ, ಅಳಿಯ ಹೇಳುತ್ತಾನೆ, ಕೆಲವೊಮ್ಮೆ ಊರ ಹಿರಿಯರೇ ಜೊತೆಗೆ ಬಂದು ಹೇಳುತ್ತಾರೆ. ಡಾಕ್ಟರು ತಲೆಯಾಡಿಸುತ್ತಾರೆ. ರೋಗಿ ಹೊರಗೆ ಬೆಂಚಿನ ಮೇಲೆ ಫೈಲು ಹಿಡಿದು ಕೂತಿರುತ್ತಾರೆ. ಅವರ ಬದುಕಿನ ಅತಿ ದೊಡ್ಡ ಸುದ್ದಿ ಅವರನ್ನೊಬ್ಬರನ್ನು ಬಿಟ್ಟು ಮನೆಮಂದಿಗೆಲ್ಲ ಗೊತ್ತಾಗಿರುತ್ತದೆ.

ವಾಸಿಯಾಗದ ಕಾಯಿಲೆ ಇರುವವರಿಗೆ ತಮ್ಮ ಕೊನೆಯನ್ನು ತಾವೇ ಆರಿಸಿಕೊಳ್ಳುವ ಹಕ್ಕು ಇರಬೇಕಾ ಎಂಬ ಚರ್ಚೆ ಈಗ ಎಲ್ಲ ಕಡೆ ನಡೆದಿದೆ. ಟಿವಿಯಲ್ಲಿ ಒಬ್ಬರು ಧರ್ಮದ ಮಾತಾಡುತ್ತಾರೆ, ಇನ್ನೊಬ್ಬರು ಸ್ವಾತಂತ್ರ್ಯದ ಮಾತಾಡುತ್ತಾರೆ. ನನಗೆ ಆ ಬೆಂಚೇ ನೆನಪಾಗುತ್ತದೆ. ತನಗೆ ಏನಾಗಿದೆ ಅಂತಲೇ ಗೊತ್ತಿಲ್ಲದ ಮನುಷ್ಯ ಏನನ್ನು ಆರಿಸಿಕೊಳ್ಳಬೇಕು?

ಹೊರದೇಶದ ಕಾನೂನುಗಳನ್ನು ನೋಡಿ. ಅಮೆರಿಕದ ಆರೆಗಾನ್ ರಾಜ್ಯದಲ್ಲಿ 1997ರಿಂದ ಇಂಥ ಕಾನೂನು ಜಾರಿಯಲ್ಲಿದೆ. ಆರು ತಿಂಗಳೊಳಗೆ ಸಾವು ಬರಬಹುದು ಅಂತ ಇಬ್ಬರು ಡಾಕ್ಟರು ಹೇಳಬೇಕು, ರೋಗಿಯೇ ಕೇಳಬೇಕು, ಔಷಧವನ್ನು ರೋಗಿಯೇ ತೆಗೆದುಕೊಳ್ಳಬೇಕು. ನೆದರ್‌ಲ್ಯಾಂಡ್ಸ್‌ನಲ್ಲಿ 2002ರಿಂದ ಡಾಕ್ಟರೇ ಇಂಜೆಕ್ಷನ್ ಕೊಡಬಹುದು. ಬ್ರಿಟನ್ನಿನ ಕೆಳಮನೆ 2025ರ ಜೂನಿನಲ್ಲಿ ಇಂಥದ್ದೇ ಒಂದು ಮಸೂದೆಗೆ 314ಕ್ಕೆ 291 ಮತಗಳಿಂದ ಒಪ್ಪಿಗೆ ಕೊಟ್ಟಿತು. ಈ ಕಾನೂನುಗಳು ಸರಿಯೋ ತಪ್ಪೋ, ಅದು ಬೇರೆ ಮಾತು. ಆದರೆ ಇವೆಲ್ಲವೂ ಒಂದು ವಿಷಯವನ್ನು ಹೇಳದೆಯೇ ಒಪ್ಪಿಕೊಂಡಿವೆ. ಡಾಕ್ಟರು ರೋಗಿಯ ಎದುರಿಗೆ ಕೂತು, ಅವರ ಹೆಸರು ಹಿಡಿದು ಕರೆದು, ಸತ್ಯ ಹೇಳಿರುತ್ತಾರೆ. ಉಳಿದದ್ದೆಲ್ಲ ಆಮೇಲೆ. ನಮ್ಮಲ್ಲಿ ಆ ಮೊದಲ ಮೆಟ್ಟಿಲೇ ಇಲ್ಲ.

ನನ್ನ ದೊಡ್ಡವ್ವನ ವಿಷಯ ಹೇಳುತ್ತೇನೆ. ಕಾಗಿಣಾ ನದಿ ದಂಡೆಯ ಒಂದು ಹಳ್ಳಿ ಅವಳದು. ಗರ್ಭಕೋಶದ ಬಾಯಿಯ ಕ್ಯಾನ್ಸರ್. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು, ಸೊಂಟದ ಎಲುಬಿಗೂ ಹೋಗಿತ್ತು. ಮನೆಯವರು ಅವಳಿಗೆ ಹೇಳಿದ್ದು "ಹೊಟ್ಟ್ಯಾಗ ಸಣ್ಣ ಗಂಟಾಗ್ಯಾದ" ಅಂತ. ಅವಳು ಓದು ಬರಹ ಕಲಿತವಳಲ್ಲ. ಆದರೆ ಕಣ್ಣು ನೆಟ್ಟಗಿತ್ತು. ನಮ್ಮ ಕಡೆ ರೇಡಿಯೇಷನ್‌ಗೆ ಕರೆಂಟ್ ಕೊಡೋದು ಅಂತಾರೆ. ಕರೆಂಟಿನ ಸಾಲಿನಲ್ಲಿ ಕೂತವಳು ಸುಮ್ನೆ ಕೂರಲಿಲ್ಲ. ಒಬ್ಬನ ದವಡೆ ನೋಡಿದಳು, ಒಬ್ಬಳ ಬೋಳಾದ ತಲೆ ನೋಡಿದಳು. ಪಕ್ಕದವಳನ್ನು ಯಾವ ಊರು, ಏನು ಬ್ಯಾನಿ ಅಂತ ವಿಚಾರಿಸಿದಳು. ಹಿಂದಿನ ಸಲ ಇದ್ದವರು ಈ ಸಲ ಯಾಕೆ ಬಂದಿಲ್ಲ ಅಂತ ಆಯಾಗಳನ್ನು ಕೇಳಿದಳು. ಒಂದು ಸಂಜೆ ನನ್ನ ಕೈ ಹಿಡಿದು ಹೇಳಿದಳು: "ನೀ ಸಾಲಿ ಕಲ್ತಾಕಿ. ನೀನಾದ್ರ ಖರೇ ಹೇಳು. ಬರೇ ಗಂಟಿಗಿ ಇಷ್ಟು ಮಂದಿ ಯಾಕ ಅಳ್ತಾರ?"

ನಾನು ಹೇಳಿದೆ. ಅವಳು ಅಳಲಿಲ್ಲ. "ಎಷ್ಟು ದಿವಸ?" ಅಂತ ಕೇಳಿದಳು. "ಯಾರಿಗೂ ಖಾತ್ರಿ ಇಲ್ಲ, ಜಾಸ್ತಿ ಅಂತೂ ಇಲ್ಲ" ಅಂದೆ. ಅವಳ ಮಕ್ಕಳು ನನ್ನ ಮೇಲೆ ಸಿಟ್ಟಾದರು, ಕೆಲವು ಕಾಲ ಮಾತೇ ಬಿಟ್ಟರು. ಹೇಳಿದ್ದು ಸರಿ ಅಂತಲೇ ನಾನು ಇವತ್ತಿಗೂ ನಂಬಿದ್ದೇನೆ. ಆ ಸಂಜೆಯಿಂದ ಅವಳು ತನ್ನ ಬದುಕಿನ ಯಜಮಾನಿಕೆಯನ್ನು ಮತ್ತೆ ಕೈಗೆ ತೆಗೆದುಕೊಂಡಳು.

ಯಜಮಾನಿಕೆ ಬಂದರೂ ನೋವು ಬಿಡಬೇಕಲ್ಲ. ಎಲುಬಿನ ನೋವು ಹೇಗಿರುತ್ತದೆ ಅಂತ ನೋಡಿದವರಿಗೇ ಗೊತ್ತು. ಮಗ್ಗುಲು ಬದಲಿಸಲು ಇಬ್ಬರು ಬೇಕು. ಕೌದಿ ತಾಗಿದರೂ ಚೀರಾಟ. ರಾತ್ರಿ ಅವಳು ಗೋಡೆಗೆ ಬೆರಳಿನಿಂದ ಗೀರುತ್ತಿದ್ದಳು. ಅಲ್ಲಿ ಸುಣ್ಣ ಕಿತ್ತು ಮಣ್ಣು ಕಾಣುತ್ತಿತ್ತು. "ಒಂದು ಸೂಜಿ ಹಾಕಿ ಕಳಿಸಿಬಿಡ್ರಿ ನಂಗ. ಎಮ್ಮಿಗಾದ್ರೂ ಇಷ್ಟು ತ್ರಾಸ ಕೊಡಲ್ಲ ನೀವು" ಅನ್ನುತ್ತಿದ್ದಳು. ಅವಳಿಗೆ ಸಾವಿನ ಹಕ್ಕಿನ ಚರ್ಚೆ ಏನಂತ ಗೊತ್ತಿರಲಿಲ್ಲ. ಆ ಚರ್ಚೆಯ ನಡುಮಧ್ಯದಲ್ಲಿ ಅವಳು ಮಲಗಿದ್ದಳು.

ಆಗ ಅವಳಿಗೆ ಸಿಗುತ್ತಿದ್ದದ್ದು ಸಾಧಾರಣ ನೋವಿನ ಗುಳಿಗೆ. ಇಂಥ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಬೇಕು ಅಂತ ಒಬ್ಬ ಯುವ ಡಾಕ್ಟರು ಬರೆದುಕೊಟ್ಟರು. ಅಂಗಡಿ ಅಂಗಡಿ ತಿರುಗಿದೆವು. "ಅದು ನಮ್ಮಲ್ಲಿ ಇಡಲ್ಲ ಮೇಡಂ" ಅಂದವರೇ ಎಲ್ಲರೂ. ಒಬ್ಬ ಅಂಗಡಿಯವನಂತೂ ಚೀಟಿ ನೋಡಿ, ಆಮೇಲೆ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ. ಕಡೆಗೆ ಬೇರೆ ಊರಿನಿಂದ ತರಿಸಬೇಕಾಯಿತು.

ಇದಕ್ಕೆ ಒಂದು ಹಿನ್ನೆಲೆ ಇದೆ. ನಮ್ಮ ದೇಶದ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಸರ್ಕಾರದ ಲೈಸೆನ್ಸ್ ಪಡೆದು ಅಫೀಮು ಬೆಳೆಯುತ್ತಾರೆ. ಮಾರ್ಫಿನ್ ಬರುವುದು ಅದರಿಂದಲೇ. ಆದರೆ 1985ರ ಮಾದಕ ವಸ್ತು ಕಾನೂನು ಎಷ್ಟು ಬಿಗಿಯಾಗಿತ್ತೆಂದರೆ, ಹಲವು ಲೈಸೆನ್ಸುಗಳ ತಾಪತ್ರಯಕ್ಕೂ ಜೈಲಿನ ಹೆದರಿಕೆಗೂ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದು ತಲೆಮಾರಿನ ಡಾಕ್ಟರು ಅದನ್ನು ಕೊಡುವುದನ್ನು ಕಲಿಯದೆಯೇ ಓದು ಮುಗಿಸಿದರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಅವರಂಥವರು ವರ್ಷಗಟ್ಟಲೆ ಬೆನ್ನುಹತ್ತಿದ ಮೇಲೆ 2014ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತರಬೇತಿ ಆದ ಡಾಕ್ಟರಿದ್ದರೆ ಸಾಕು, ಮಾರ್ಫಿನ್ ಇಡಬಹುದು. ಕಾನೂನು ಸಡಿಲವಾಯಿತು, ಹೆದರಿಕೆ ಸಡಿಲವಾಗಲಿಲ್ಲ. ಬೆಲೆ ನೋಡಿದರೆ ಈ ಗುಳಿಗೆ ದುಬಾರಿಯೇನಲ್ಲ. ಐಸಿಯುದ ಒಂದು ದಿನದ ಬಿಲ್ಲಿನಲ್ಲಿ ಒಬ್ಬ ರೋಗಿಗೆ ಎಷ್ಟೋ ವಾರದ ಮಾರ್ಫಿನ್ ಬರುತ್ತದೆ.

ಮಾರ್ಫಿನ್ ಕೊಟ್ಟರೆ ಬೇಗ ಸಾಯುತ್ತಾರೆ ಅಂತ ನಮ್ಮಲ್ಲಿ ಒಂದು ಭಯ ಇದೆ. ಓದಿದವರಲ್ಲೂ ಇದೆ. ತಿಳಿದ ಡಾಕ್ಟರು ನೋವಿಗೆ ತಕ್ಕಷ್ಟು ಅಳೆದು ಕೊಟ್ಟರೆ ಹಾಗೆ ಆಗುವುದಿಲ್ಲ. ನಾಲ್ಕು ತಾಸಿಗೊಮ್ಮೆ ಗುಳಿಗೆ, ಜೊತೆಗೆ ಮಲಬದ್ಧತೆ ಆಗದ ಹಾಗೆ ಇನ್ನೊಂದು ಔಷಧ. ಇಷ್ಟೇ ನಾವು ಮನೆಯಲ್ಲಿ ಮಾಡಿದ್ದು. ದೊಡ್ಡವ್ವ ರಾತ್ರಿಪೂರ್ತಿ ಮಲಗಿದಳು. ಎದ್ದವಳು ಮೊದಲು ಕೇಳಿದ್ದು ಬಿಸಿ ಅಂಬಲಿ. ಆಮೇಲೆ ಪಡಸಾಲೆಗೆ ಹಾಸಿಗೆ ಹಾಕಿಸಿಕೊಂಡಳು, ದಾರಿ ಕಾಣಲಿ ಅಂತ. ಯಾರ ಮನೆಯಿಂದ ಎರಡು ಪಡಿ ಜೋಳ ತಂದದ್ದು ಹಾಗೇ ಉಳಿದಿದೆ ಅಂತ ನೆನಪು ಮಾಡಿಕೊಂಡು ಸೊಸೆಯ ಕೈಲಿ ಕೊಟ್ಟು ಕಳಿಸಿದಳು. ಬೋರಮಾಳ ಯಾವ ಮೊಮ್ಮಗಳಿಗೆ ಅಂತ ಎಲ್ಲರ ಎದುರಿಗೇ ಹೇಳಿದಳು. ಹೈದರಾಬಾದಿಗೆ ಒಯ್ಯೋಣ ಅಂತ ಮಗ ಅಂದಾಗ "ನಾ ಬರಂಗಿಲ್ಲ, ಆ ರೊಕ್ಕ ಹೊಲಕ್ಕ ಹಾಕು" ಅಂದಳು. ಸೂಜಿ ಹಾಕಿ ಅಂತ ಮತ್ತೆ ಒಮ್ಮೆಯೂ ಕೇಳಲಿಲ್ಲ.

ಇಂಜೆಕ್ಷನ್ನಿನ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಆಗ. ನಮ್ಮ ಜಿಲ್ಲೆಗಳಲ್ಲಿ ಸಾಯಿಸಿ ಅಂತ ಬೇಡುವವರಲ್ಲಿ ಎಷ್ಟು ಮಂದಿ ನಿಜಕ್ಕೂ ಸಾವು ಬೇಡುತ್ತಿದ್ದಾರೆ, ಎಷ್ಟು ಮಂದಿ ನೋವು ನಿಲ್ಲಿಸಿ ಅನ್ನುತ್ತಿದ್ದಾರೆ? ನೋವಿಗೆ ಔಷಧ ಕೊಡದೆ ಸಾವಿನ ಆಯ್ಕೆ ಕೊಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಇನ್ನೊಂದು ಭಯವೂ ಇದೆ. "ನಾ ಎಲ್ಲಾರಿಗಿ ಭಾರ ಆಗೀನಿ" ಅನ್ನುವ ಮುದುಕಿಯರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ. ಮಳೆ ಕೈಕೊಟ್ಟ ವರ್ಷ, ತೊಗರಿಗೆ ಬೆಲೆ ಬೀಳುವ ವರ್ಷ, ಸಾಲ ಇರುವ ಮನೆಯಲ್ಲಿ ಮುದುಕಿ ತಾನಾಗಿಯೇ "ನನ್ನ ಕಳಿಸಿಬಿಡ್ರಿ" ಅಂದರೆ ಅದನ್ನು ಅವಳ ಸ್ವಂತ ಇಚ್ಛೆ ಅಂತ ಯಾವ ಡಾಕ್ಟರು ಸಹಿ ಹಾಕಬೇಕು? ಈ ಕಾರಣಕ್ಕೇ ಡಾಕ್ಟರು ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವ ಕಾನೂನು ನಮ್ಮಲ್ಲಿ ಈಗ ಬರುವುದು ನನಗೆ ಬೇಡ.

ಹಾಗಂತ ಅದನ್ನು ಕೇಳುವವರನ್ನು ನಾನು ಹಗುರವಾಗಿ ನೋಡಲಾರೆ. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಎರಡು ದಶಕಕ್ಕೂ ಹೆಚ್ಚು ಕಾಲ ಘನತೆಯಿಂದ ಸಾಯುವ ಹಕ್ಕಿಗಾಗಿ ಅರ್ಜಿ ಮೇಲೆ ಅರ್ಜಿ ಬರೆದವರು. ಅವರಿಗೆ ತಮ್ಮ ಮನಸ್ಸು ಏನಂತ ಚೆನ್ನಾಗಿ ಗೊತ್ತಿತ್ತು. ಮಾರ್ಫಿನ್ ಮುಟ್ಟಲಾಗದ ಸಂಕಟಗಳೂ ಇರುತ್ತವೆ. ಪೂರ್ತಿ ಪರಾಧೀನವಾಗಿ ಬದುಕುವುದೇ ಕೆಲವರಿಗೆ ನೋವಿಗಿಂತ ದೊಡ್ಡ ಹಿಂಸೆ. ಅವರಿಗೆ ಕೊಡಲು ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ನಮ್ಮ ದೇಶದ ಕಾನೂನು ಒಪ್ಪಿರುವುದು ಬೇರೆಯದನ್ನು. ಜೀವ ತೆಗೆಯುವುದನ್ನು ಅದು ಒಪ್ಪಿಲ್ಲ. ಪ್ರಯೋಜನವಿಲ್ಲದ ಯಂತ್ರವನ್ನು ತೆಗೆದು ಸಾವು ತಾನಾಗಿ ಬರಲು ಬಿಡುವುದನ್ನು ಒಪ್ಪಿದೆ. ಇದರ ದಾರಿ ಶುರುವಾದದ್ದು ನಮ್ಮ ಕನ್ನಡನಾಡಿನ ಹೆಣ್ಣುಮಗಳಿಂದ. ಹೊನ್ನಾವರದ ಹಳದೀಪುರದವರು ಅರುಣಾ ಶಾನಭಾಗ್. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರಿನಲ್ಲಿ ಅಲ್ಲಿಯ ಒಬ್ಬ ಕೆಲಸಗಾರ ಅವರ ಮೇಲೆ ಅತ್ಯಾಚಾರ ಮಾಡಿ ನಾಯಿಯ ಸರಪಳಿಯಿಂದ ಕುತ್ತಿಗೆ ಬಿಗಿದ. ಮಿದುಳಿಗೆ ರಕ್ತ ಹೋಗದೆ ಅವರು ಹಾಸಿಗೆ ಹಿಡಿದರು, 2015ರ ಮೇ ತಿಂಗಳಿನವರೆಗೆ. ಅವರ ಪರವಾಗಿ ಲೇಖಕಿ ಪಿಂಕಿ ವಿರಾನಿ ಹಾಕಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರಲ್ಲಿ ತೀರ್ಪು ಕೊಟ್ಟಿತು. ಅರುಣಾ ವಿಷಯದಲ್ಲಿ ಅರ್ಜಿ ತಿರಸ್ಕಾರವಾಯಿತು, ಆದರೆ ಹೈಕೋರ್ಟಿನ ಒಪ್ಪಿಗೆ ಇದ್ದರೆ ಚಿಕಿತ್ಸೆ ಹಿಂತೆಗೆಯಬಹುದು ಅಂತ ಮೊದಲ ಸಲ ದಾರಿ ತೆರೆಯಿತು. ಕೆಇಎಂನ ನರ್ಸುಗಳು ಅರ್ಜಿಯನ್ನು ವಿರೋಧಿಸಿದ್ದರು. ಅಷ್ಟು ವರ್ಷ ಒಂದು ಬೆನ್ನುಹುಣ್ಣೂ ಆಗದಂತೆ ನೋಡಿಕೊಂಡವರು ಅವರು. ಅವರ ಮಾತನ್ನು ಕೋರ್ಟು ಕೇಳಿತು. ಆರೈಕೆ ಮಾಡಿದ ಕೈಗಳಿಗೆ ಅಷ್ಟು ತೂಕ ಸಿಕ್ಕಿದ್ದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಹಾಗಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಏನಾಗುತ್ತದೆ? ಬಟ್ಟೆ ಬದಲಿಸಿದವಳು ಮಗಳು ಅಥವಾ ಸೊಸೆ. ರಾತ್ರಿ ಎದ್ದು ಕೂತವಳೂ ಅವಳೇ. ಸಾಕು, ಮನೆಗೆ ಒಯ್ಯೋಣ ಅಂತ ಅವಳಿಗೆ ಅನ್ನಿಸಿರುತ್ತದೆ. ಅಷ್ಟರಲ್ಲಿ ಪುಣೆಯಿಂದಲೋ ಬೆಂಗಳೂರಿಂದಲೋ ಅಣ್ಣ ಬರುತ್ತಾನೆ. "ಎಷ್ಟು ಖರ್ಚಾದ್ರೂ ಆಗ್ಲಿ, ಐಸಿಯುಗೆ ಹಾಕ್ರಿ" ಅನ್ನುತ್ತಾನೆ. ಅವನ ಪ್ರೀತಿ ಸುಳ್ಳಲ್ಲ. ಬರಲಾಗದ ವರ್ಷಗಳ ಸಂಕಟ ಅದು. ಜೊತೆಗೆ ಊರಿನ ಬಾಯಿ ಬೇರೆ. ಕೊನೆಗೆ ಮಕ್ಕಳು ಏನೂ ಮಾಡಲಿಲ್ಲ ಅಂತ ನಾಳೆ ಯಾರೂ ಅನ್ನಬಾರದು. ಹೀಗೆ ಎರಡೆಕರೆ ಹೊಲ ಹೋಗುತ್ತದೆ. ತಂದೆಯ ಬಾಯಿಗೆ ನಳಿಕೆ ಬೀಳುತ್ತದೆ.

ಆ ನಳಿಕೆಯ ಬಗ್ಗೆ ಹೇಳಲೇಬೇಕು. ಸಾಯುವವರ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಎಲ್ಲ ಜಾತಿಯಲ್ಲೂ ಇದೆ. ಕೆಲವರು ಗಂಗೆಯ ನೀರು, ಕೆಲವರು ತೀರ್ಥ, ಮುಸ್ಲಿಮರ ಮನೆಯಲ್ಲಿ ಝಮ್‌ಝಮ್ ನೀರು. ಮಕ್ಕಳು ಒಬ್ಬೊಬ್ಬರೇ ಬಂದು ಒಂದು ಚಮಚ ಹಾಕುತ್ತಾರೆ. ನಮ್ಮ ಓಣಿಯ ಹಿರಿಯರೊಬ್ಬರು ಮಿದುಳಿನ ರಕ್ತಸ್ರಾವವಾಗಿ ಬೇರೆ ಊರಿನ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದರು. ಚೇತರಿಕೆ ಇಲ್ಲ ಅಂತ ಡಾಕ್ಟರು ಹೇಳಿ ಆಗಿತ್ತು. ಅವರ ಹೆಂಡತಿ ಸೆರಗಿನಲ್ಲಿ ಸಣ್ಣ ಬಾಟಲಿ ಕಟ್ಟಿಕೊಂಡು ಐಸಿಯು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಿಟ್ಟಾಗ ನೀರು ಹಾಕಲು ಜಾಗವೇ ಇರಲಿಲ್ಲ. ಬಾಯಿ ತುಂಬ ನಳಿಕೆ, ಅದರ ಸುತ್ತ ಬಿಳಿ ಟೇಪು. ಅವರು ಬೆರಳನ್ನು ಒದ್ದೆ ಮಾಡಿ ತುಟಿಯ ಮೂಲೆಗೆ ಒತ್ತಿದರು.

ಆಮೇಲೆ ಅವರನ್ನು ಊರಿಗೆ ತಂದ ರೀತಿ ಈ ಭಾಗದ ಎಲ್ಲರಿಗೂ ಗೊತ್ತಿರುವಂಥದ್ದು. ಸೊಲ್ಲಾಪುರದಿಂದಲೋ ಹೈದರಾಬಾದಿನಿಂದಲೋ ಆಂಬುಲೆನ್ಸ್. ಜೀವ ಇರುವಾಗಲೇ ಮನೆ ಮುಟ್ಟಬೇಕು ಅಂತ ಒಬ್ಬರು ದಾರಿಯುದ್ದಕ್ಕೂ ಕೈಯಿಂದ ಗಾಳಿಯ ಬಲೂನು ಒತ್ತುತ್ತಲೇ ಇರುತ್ತಾರೆ. ಅಂಗಳದಲ್ಲಿ ಇಳಿಸಿದ ಮೇಲೆ ಒತ್ತುವುದನ್ನು ನಿಲ್ಲಿಸುತ್ತಾರೆ. ಯಾರು ನಿಲ್ಲಿಸಬೇಕು, ಯಾವಾಗ ನಿಲ್ಲಿಸಬೇಕು ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಲ್ಲಿ ಡಾಕ್ಟರಿಲ್ಲ, ನೋವಿನ ಔಷಧ ಇಲ್ಲ. ಹೊರಡುವಾಗ ಆಸ್ಪತ್ರೆಯಲ್ಲಿ ಒಂದು ಕಾಗದಕ್ಕೆ ಸಹಿ ಮಾಡಿಸಿಕೊಂಡಿರುತ್ತಾರೆ: ವೈದ್ಯರ ಸಲಹೆಗೆ ವಿರುದ್ಧವಾಗಿ ನಾವೇ ಕರೆದೊಯ್ಯುತ್ತಿದ್ದೇವೆ ಅಂತ. ಇನ್ನು ಏನೂ ಆಗಲ್ಲ ಅಂದದ್ದೂ ಅದೇ ವೈದ್ಯರು. ಆ ಸಹಿಯ ಭಾರ ಮಗನ ಎದೆಯ ಮೇಲೆ ಜೀವನಪೂರ್ತಿ ಉಳಿಯುತ್ತದೆ. ಚಿಕಿತ್ಸೆ ನಿಲ್ಲಿಸಬಹುದಾ ಅಂತ ಚರ್ಚೆ ಮಾಡುವವರು ಇದನ್ನು ತಿಳಿಯಬೇಕು. ನಮ್ಮ ರಸ್ತೆಗಳ ಮೇಲೆ ಅದು ಹೀಗೆ ನಡೆಯುತ್ತಲೇ ಇದೆ, ಕಾನೂನಿನ ಆಸರೆಯಿಲ್ಲದೆ, ಕಳ್ಳತನ ಮಾಡಿದವರ ಹಾಗೆ.

ಇದನ್ನು ತಪ್ಪಿಸುವ ದಾರಿಯನ್ನು ಸುಪ್ರೀಂ ಕೋರ್ಟ್ ತೋರಿಸಿ ವರ್ಷಗಳಾದವು. ಕಾಮನ್ ಕಾಸ್ ಎಂಬ ಸಂಸ್ಥೆ 2005ರಲ್ಲಿ ಹಾಕಿದ ಅರ್ಜಿಯ ಮೇಲೆ ಐವರು ನ್ಯಾಯಮೂರ್ತಿಗಳ ಪೀಠ 2018ರ ಮಾರ್ಚ್ 9ರಂದು ತೀರ್ಪು ಕೊಟ್ಟಿತು. ಘನತೆಯಿಂದ ಸಾಯುವುದು ಬದುಕುವ ಹಕ್ಕಿನ ಭಾಗ ಅಂದಿತು. ಮುಂದೆ ನನಗೆ ಮಾತಾಡಲು ಆಗದೆ ಹೋದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ಮೊದಲೇ ಬರೆದಿಡುವ ಜೀವಂತ ಉಯಿಲನ್ನು ಒಪ್ಪಿತು. ಆಗ ಅದಕ್ಕೆ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಅದನ್ನು ಸರಳ ಮಾಡಿದರು. ಈಗ ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಿದರೆ ಸಾಕು. ನಿಮ್ಮ ಪರವಾಗಿ ಮಾತಾಡುವವರು ಯಾರು ಅಂತ ಅದರಲ್ಲಿ ಹೆಸರಿಸಬೇಕು. ಸಮಯ ಬಂದಾಗ ಆಸ್ಪತ್ರೆಯ ಮೂವರು ಡಾಕ್ಟರ ಮಂಡಳಿ ನೋಡುತ್ತದೆ. ಅದಾದ ಮೇಲೆ ಇನ್ನೊಂದು ಮಂಡಳಿ, ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಡಾಕ್ಟರೂ ಇರುತ್ತಾರೆ. ಒಂದೊಂದೂ ಸಾಧ್ಯವಾದಷ್ಟು 48 ಗಂಟೆಯೊಳಗೆ ತೀರ್ಮಾನ ಹೇಳಬೇಕು. ಉಯಿಲು ಬರೆಯದವರಿಗೂ ಮನೆಯವರ ಒಪ್ಪಿಗೆಯ ಮೇಲೆ ಇದೇ ದಾರಿ ಇದೆ. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಆ ವಾರ ಪೇಪರಿನಲ್ಲೆಲ್ಲ ಅದೇ ಸುದ್ದಿ.

ಆದೇಶ ಬೆಂಗಳೂರಿನಿಂದ ಹೊರಟಿದೆ. ಯಾದಗಿರಿಯ ತಾಲ್ಲೂಕು ಆಸ್ಪತ್ರೆಗೆ, ಬೀದರಿನ ಖಾಸಗಿ ನರ್ಸಿಂಗ್ ಹೋಮಿಗೆ ಅದು ಮುಟ್ಟಬೇಕಲ್ಲ? ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಕಲಬುರಗಿಯಲ್ಲಿದೆ. ಮೂರೂ ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಸಂವಿಧಾನದಲ್ಲಿ ಈ ಭಾಗಕ್ಕೆ ವಿಶೇಷ ಸವಲತ್ತು ಕೊಡುವ 371ಜೆ ಬಂದ ಮೇಲೆ ಇಲ್ಲಿಗೆ ಕಟ್ಟಡಗಳೂ ಬಂದಿವೆ, ಸೀಟುಗಳೂ ಬಂದಿವೆ. ನಾನು ಕೇಳುವುದು ಸಣ್ಣದು. ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲಿ ನೋವಿಗೆ ಒಂದು ಹೊರರೋಗಿ ಕೋಣೆ, ಅಲ್ಲಿ ಮಾರ್ಫಿನ್ ಗುಳಿಗೆ, ಮನೆಗೆ ಹೋಗಿ ಬರುವ ಒಬ್ಬ ನರ್ಸ್. ಮತ್ತೆ ಸತ್ಯವನ್ನು ಮೆತ್ತಗೆ ಹೇಳಲು ಕಲಿತ ಡಾಕ್ಟರು, ನಮ್ಮ ಭಾಷೆಯಲ್ಲಿ ಹೇಳುವವರು.

ಸಾವಿನ ಮಾತು ಸಾಯುವವರ ಎದುರು ಆಡಬಾರದು ಅನ್ನುವುದು ನಮ್ಮ ಸಂಸ್ಕೃತಿ ಅಂತ ಒಬ್ಬರು ನನಗೆ ಹೇಳಿದರು. ನನಗೆ ಹಾಗೆ ಅನ್ನಿಸುವುದಿಲ್ಲ. ದೊಡ್ಡವ್ವನ ಊರಿಗೆ ಮಳಖೇಡ ಹತ್ತಿರ. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಆ ವಂಶದ ಕೊನೆಯವನಾದ ನಾಲ್ಕನೆಯ ಇಂದ್ರ 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ, ಅಂದರೆ ಅನ್ನನೀರು ಬಿಡುತ್ತ ಸಾವನ್ನು ಎದುರುಗೊಳ್ಳುವ ಜೈನರ ವ್ರತ, ಕೈಗೊಂಡು ದೇಹ ಬಿಟ್ಟ. ಸಲ್ಲೇಖನ ಸರಿಯಾ ತಪ್ಪಾ ಅಂತ ಈಗಲೂ ವಾದ ಇದೆ. 2015ರಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಅಪರಾಧ ಅಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನನ್ನ ಗಮನ ಬೇರೆ ಕಡೆ. ಅಲ್ಲಿ ಸಾಯುವವರಿಗೆ ಎಲ್ಲ ಗೊತ್ತಿರುತ್ತಿತ್ತು, ಗುರುವಿನ ಒಪ್ಪಿಗೆ ಕೇಳುತ್ತಿದ್ದವರೂ ಅವರೇ. ನಮ್ಮ ಶರಣರ ನಾಡಿನಲ್ಲಿ "ಮರಣವೇ ಮಹಾನವಮಿ" ಅಂತಾರೆ. ಸಾವನ್ನು ಹಬ್ಬ ಅಂದ ಜನ ನಾವು, ಕ್ಯಾನ್ಸರ್ ಅನ್ನುವ ಮಾತನ್ನು ಬಾಗಿಲ ಹೊರಗೆ ಪಿಸುಗುಟ್ಟಲು ಕಲಿತದ್ದು ಯಾವಾಗ?

ದೊಡ್ಡವ್ವ ಪಡಸಾಲೆಯಲ್ಲೇ ಹೋದಳು. ನೀರು ಬಿಡಲು ಎಲ್ಲರೂ ಇದ್ದರು. ಅವಳ ಮಕ್ಕಳು ನನ್ನ ಜೊತೆ ಮತ್ತೆ ಮಾತಾಡುತ್ತಾರೆ.

ನಾನೀಗ ನನ್ನ ಉಯಿಲು ಬರೆದಿದ್ದೇನೆ. ಕೋರ್ಟಿನ ಹತ್ತಿರ ಕೂರುವ ನೋಟರಿ ಮೊದಲು ಆಸ್ತಿಯ ವಿವರ ಕೇಳಿದರು. ಇದು ಹೊಲಮನೆಯದಲ್ಲ ಅಂದೆ. ಪೂರ್ತಿ ಓದಿ, ಕನ್ನಡಕ ತೆಗೆದು, ಇದರ ಒಂದು ಖಾಲಿ ಪ್ರತಿ ನನಗೂ ಕೊಡ್ತೀರಾ ಅಂತ ಕೇಳಿದರು. ಕೊಟ್ಟೆ. ಒಂದು ಪ್ರತಿಯನ್ನು ಸ್ಥಳೀಯ ಸಂಸ್ಥೆಯಲ್ಲಿ ಇಡಬೇಕು ಅಂತ ನಿಯಮ ಇದೆ. ಅದನ್ನು ತೆಗೆದುಕೊಳ್ಳುವ ಗುಮಾಸ್ತರು ಯಾವ ಮೇಜಿನಲ್ಲಿ ಕೂರುತ್ತಾರೆ ಅಂತ ಇನ್ನೂ ಹುಡುಕುತ್ತಿದ್ದೇನೆ. ನನ್ನ ಪರವಾಗಿ ಮಾತಾಡಲು ತಂಗಿಯ ಹೆಸರು ಹಾಕಿದ್ದೇನೆ. ತಮ್ಮನಿಗೆ ಇದು ಒಪ್ಪಿಗೆಯಿಲ್ಲ, ಫೋನಿನಲ್ಲಿ ಅರ್ಧಕ್ಕೇ ಮಾತು ನಿಲ್ಲಿಸಿದ. ಶರಣಬಸವೇಶ್ವರ ಜಾತ್ರೆಗೆ ಮನೆಗೆ ಬರುತ್ತಾನೆ. ಅವನಿಗೆ ಎದುರು ಕೂತು ಓದಿ ಹೇಳಬೇಕು, ಎಲ್ಲಿ ತಕರಾರು ಇದೆಯೋ ಅಲ್ಲಿ ಅವನ ಮಾತನ್ನೂ ಕೇಳಬೇಕು.